ವಿಶ್ವಕೋಶದ ಖೋಖೋ ಲೇಖನ: ಅಂಕಣದ ಲೆಕ್ಕ ಹೊಂದುತ್ತಿಲ್ಲ, ನಮ್ಮ ಓಟವೂ ಅದರಲ್ಲಿಲ್ಲ

ಮೂರನೇ_ಬ್ಯಾಚು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಐದನೇ ಕ್ಲಾಸಿನಿಂದ ಖೋಖೋ ಆಡುತ್ತಿದ್ದೇನೆ. ಕಾಲೇಜು ಟೀಮಿನಲ್ಲಿ ರನ್ನರ್, ಅಂದರೆ ಸಿಗದೆ ಓಡುವವಳು. ರನ್ನರ್‌ಗಳು ಮೂರು ಮೂರು ಜನರ ಬ್ಯಾಚಾಗಿ ಇಳಿಯುತ್ತಾರೆ. ನಾನು ಮೂರನೇ ಬ್ಯಾಚಿನಲ್ಲಿ ಇಳಿಯುತ್ತೇನೆ, ಅದಕ್ಕೇ ಈ ಹೆಸರು.

ನಮ್ಮ ಪತ್ರಿಕೋದ್ಯಮದ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಆರಿಸಿಕೊಳ್ಳಿ, ಆನ್‌ಲೈನ್ ವಿಶ್ವಕೋಶದಲ್ಲಿ ಅದರ ಬಗ್ಗೆ ಇರುವ ಲೇಖನ ಓದಿ, ಏನು ಸರಿ, ಏನು ತಪ್ಪು, ಏನು ಬಿಟ್ಟುಹೋಗಿದೆ ಅಂತ ಬರೆಯಿರಿ ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಖೋಖೋ ಒಂದೇ. ಕನ್ನಡದಲ್ಲೇ ಇರುವ ಒಂದು ಲೇಖನ ತೆಗೆದು ಓದಿದೆ. ಮೂರು ಸಲ ಓದಿದೆ.

ಮೊದಲು ಅಂಕಣದ, ಅಂದರೆ ಆಡುವ ಜಾಗದ, ಅಳತೆ. ಉದ್ದ 27 ಮೀಟರ್, ಅಗಲ 16 ಮೀಟರ್ ಅಂತ ಇದೆ. ಅದಾಗಿ ಎರಡು ಸಾಲಿನ ನಂತರ, ಕಂಬದಿಂದ ಕಂಬಕ್ಕೆ ಇರುವ ನಡುವಿನ ಪಟ್ಟಿ 23.5 ಮೀಟರ್ ಅಂತ ಇದೆ. ಎರಡೂ ತುದಿಯಲ್ಲಿ 2.75 ಮೀಟರ್ ಜಾಗ ಅಂತ ಇದೆ. ಸುಮ್ನೆ ಕೂಡಿ ನೋಡಿ. 23.5ಕ್ಕೆ ಎರಡು ಸಲ 2.75 ಸೇರಿಸಿದರೆ 29 ಬರುತ್ತದೆ. 27 ಎಲ್ಲಿಂದ ಬಂತು?

ನನ್ನದೇ ಲೆಕ್ಕ ತಪ್ಪೇನೋ ಅಂದುಕೊಂಡು ಬೆಳಿಗ್ಗೆ ಆರು ಗಂಟೆಗೆ ಟೇಪು ಹಿಡಿದು ಗ್ರೌಂಡಿಗೆ ಹೋದೆ. ನನ್ನ ಜೊತೆ ಆಡುವ ಗೆಳತಿ ಒಂದು ತುದಿ ಹಿಡಿದಳು. ಹಿಂದಿನ ದಿನ ಮಳೆ ಬಂದು ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಕಂಬದ ಬುಡದಿಂದ ಹಿಡಿದು ಅಳೆದೆವು. ಕಂಬದಿಂದ ಕಂಬಕ್ಕೆ 24 ಮೀಟರ್. ಕಂಬದ ಹಿಂದೆ ಒಂದೊಂದು ಕಡೆ ಒಂದೂವರೆ ಮೀಟರ್. ಒಟ್ಟು 27. ಅಂದರೆ ನಮ್ಮ ಗ್ರೌಂಡಿನ ಲೆಕ್ಕ ಹೊಂದುತ್ತದೆ, ಲೇಖನದ್ದು ಹೊಂದುವುದಿಲ್ಲ. ಕಂಬದ ಎತ್ತರ 120ರಿಂದ 125 ಸೆಂಟಿಮೀಟರ್ ಅಂತ ಬರೆದಿದ್ದಾರೆ, ಅದು ಸರಿ ಇದೆ.

ಎರಡನೇದು ಸಮಯ. ಒಂದು ಕಡೆ ಒಂದು ಸರದಿಗೆ 9 ನಿಮಿಷ ಅಂತಿದೆ, ಇನ್ನೊಂದು ಕಡೆ 7 ನಿಮಿಷ ಅಂತಿದೆ. ನಾವು ಆಡುವುದು 9. ಆದ್ದರಿಂದ 7 ತಪ್ಪು ಅಂತ ಗುರುತು ಹಾಕಿಕೊಂಡಿದ್ದೇನೆ.

ಮೂರನೇದು ನನಗೆ ನಿಜವಾಗಿಯೂ ಬೇಜಾರಾದ ವಿಷಯ. ಲೇಖನ ಓದಿದವರಿಗೆ ಗೆರೆಗಳು ಎಲ್ಲಿವೆ ಅಂತ ಗೊತ್ತಾಗುತ್ತದೆ. ಎಂಟು ಜನ ಕೂರುತ್ತಾರೆ, ಒಬ್ಬರು ಓಡಿಸುತ್ತಾರೆ, ಮೂರು ಮೂರು ಜನ ಇಳಿಯುತ್ತಾರೆ ಅಂತ ಗೊತ್ತಾಗುತ್ತದೆ. ಆದರೆ ರನ್ನರ್ ಹೇಗೆ ಉಳಿಯುತ್ತಾಳೆ ಅಂತ ಒಂದು ಸಾಲೂ ಇಲ್ಲ. ಚೇಸರ್‌ಗಳು ಒಂಬತ್ತು ಜನ, ನಾವು ಒಳಗಿರುವುದು ಮೂರೇ ಜನ. ಆದರೂ ಒಬ್ಬೊಬ್ಬರು ಎರಡು ನಿಮಿಷ, ಮೂರು ನಿಮಿಷ ಸಿಗದೆ ಓಡುತ್ತೇವೆ. ಅದು ಹೇಗೆ ಸಾಧ್ಯ ಅನ್ನೋದೇ ಖೋಖೋ ಅಲ್ವಾ?

ಚೇಸರ್ ನಡುವಿನ ಪಟ್ಟಿ ದಾಟುವ ಹಾಗಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಹಿಂದೆ ತಿರುಗುವ ಹಾಗಿಲ್ಲ. ನನಗೆ ಆ ಎರಡೂ ಕಟ್ಟಿಲ್ಲ. ಕೂತ ಇಬ್ಬರ ನಡುವೆ ನುಗ್ಗಿ ಆಚೆ ಹೋದರೆ ಅವಳು ನನ್ನ ಹಿಂದೆ ಬರಲಾರಳು. ಆಚೆಗೆ ಮುಖ ಮಾಡಿ ಕೂತವಳ ಬೆನ್ನಿಗೆ ಖೋ ಕೊಡಲೇಬೇಕು. ಅವಳು ಏಳುವ ಆ ಅರೆಗಳಿಗೆಯೇ ನನ್ನ ಆಸ್ತಿ. ಅದನ್ನೇ ಕೂಡಿಸಿಕೊಂಡು ಕೂತವರ ಸುತ್ತ ಸುತ್ತುವ ರಿಂಗ್ ಆಡುತ್ತೇವೆ, ಅವರ ನಡುವೆ ಹೆಣೆಯುವ ಚೈನ್ ಆಡುತ್ತೇವೆ. ಲೇಖನದಲ್ಲಿ ರಿಂಗ್ ಇಲ್ಲ, ಚೈನ್ ಇಲ್ಲ, ಚೇಸರ್ ಕಂಬ ಹಿಡಿದು ಮೈ ಚಾಚಿ ಮುಟ್ಟುವ ಪೋಲ್ ಡೈವ್ ಇಲ್ಲ.

ಕೂತವರ ಬಗ್ಗೆಯೂ ಇಲ್ಲ. "ಆಟಗಾರರು ಚೌಕದಲ್ಲಿ ಕುಳಿತಿರುತ್ತಾರೆ" ಅಂತ ಬರೆದಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗಲ್ಲ ಅದು. ಹೆಬ್ಬೆರಳು ಮಣ್ಣಿಗೆ ಒತ್ತಿ, ಅಂಗೈ ನೆಲಕ್ಕೆ ಊರಿ, ಸೊಂಟ ಸ್ವಲ್ಪ ಎತ್ತಿಕೊಂಡು ಕಾಯುತ್ತೇವೆ. ಹಿಂದಿನಿಂದ ಬರುವ ಕಾಲ ಸದ್ದಿಗೆ ಕಿವಿ ಕೊಟ್ಟಿರುತ್ತೇವೆ. ಬೆನ್ನ ಮೇಲೆ ಕೈ ಬೀಳುವುದೂ ಖೋ ಅನ್ನೋ ಕೂಗೂ ಒಟ್ಟಿಗೇ ಬರಬೇಕು. ಕೂಗಿಗೆ ಮೊದಲೇ ಎದ್ದರೆ ಫೌಲ್. ತಡವಾಗಿ ಎದ್ದರೆ ರನ್ನರ್ ಎರಡು ಮನೆ, ಅಂದರೆ ಎರಡು ಚೌಕ, ಆಚೆ.

ಇದನ್ನೆಲ್ಲ ನಾನೇ ಲೇಖನಕ್ಕೆ ಸೇರಿಸಬಹುದಾ? ಸಂಪಾದಿಸಿ ಅನ್ನೋ ಗುಂಡಿ ಕಾಣುತ್ತಿದೆ. ಒತ್ತಲು ಧೈರ್ಯ ಬರುತ್ತಿಲ್ಲ.

ಪಿಟಿ_ಮೇಷ್ಟ್ರು | ಭಾನುವಾರ, ರಾತ್ರಿ 10:25

ಮಗಳೇ, ಟೇಪು ಹಿಡಿದು ಹೋದೆಯಲ್ಲ, ಅದು ಓದಿ ಬಹಳ ಸಂತೋಷವಾಯಿತು.

31 ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಈಗ ನಿವೃತ್ತಿ. ನೀನು ಹಿಡಿದ ತಪ್ಪಿನ ಮೂಲ ಹೇಳುತ್ತೇನೆ. ನಾವು ಹಾಕುತ್ತಿದ್ದ ಅಂಕಣ 29 ಮೀಟರಿನದು. ನಡುವೆ 23.5, ತುದಿಗಳಲ್ಲಿ 2.75. ಚೌಕ 30 ಸೆಂಟಿಮೀಟರ್. ಚೌಕದಿಂದ ಚೌಕಕ್ಕೆ 2.30 ಮೀಟರ್, ಕಂಬದಿಂದ ಮೊದಲ ಚೌಕಕ್ಕೆ 2.50. ಈಗಲೂ ಬಾಯಲ್ಲೇ ಇದೆ, ಅಷ್ಟು ಸಲ ಗೆರೆ ಎಳೆದಿದ್ದೇನೆ. ಆಮೇಲೆ ನಿಯಮ ಬದಲಾಯಿತು, ಅಂಕಣ 27ಕ್ಕೆ ಬಂತು. ಯಾರೋ ಒಬ್ಬರು ಹೊಸ ಪುಸ್ತಕ ನೋಡಿ ಮೊದಲ ಸಾಲು ತಿದ್ದಿದ್ದಾರೆ. ಉಳಿದ ಸಾಲು ಮುಟ್ಟಿಲ್ಲ. ಹಳೇ ಅಂಗಿಗೆ ಹೊಸ ತೋಳು ಹೊಲಿದ ಹಾಗಾಗಿದೆ.

ಇದರಿಂದ ತೊಂದರೆ ಇದೆ, ಸಣ್ಣದಲ್ಲ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಪಿಟಿ ಮೇಷ್ಟ್ರ ಹುದ್ದೆ ಖಾಲಿ ಇದೆ. ಕನ್ನಡ ಮೇಷ್ಟ್ರೋ ಗಣಿತದ ಮೇಡಮ್ಮೋ ಮೊಬೈಲಿನಲ್ಲಿ ಅಳತೆ ನೋಡಿಕೊಂಡು ಅಂಕಣ ಹಾಕಿಸುತ್ತಾರೆ. ಒಂದು ಅಳತೆ 27ರದ್ದು, ಇನ್ನೊಂದು 29ರದ್ದು ಆದರೆ ಕೊನೆಯ ಮನೆಯಲ್ಲಿ ಗೆರೆ ಕೂಡುವುದೇ ಇಲ್ಲ. ಮಕ್ಕಳು ಅದರಲ್ಲೇ ಅಭ್ಯಾಸ ಮಾಡಿ ತಾಲ್ಲೂಕು ಮಟ್ಟಕ್ಕೆ ಬರುತ್ತಾರೆ. ಕಂಬ ಹತ್ತಿರ ಬಂದ ಹಾಗೆ ಹೆಜ್ಜೆ ತಪ್ಪುತ್ತದೆ. ಅಳತೆ ಮೊದಲು ಸರಿ ಮಾಡಿಸು. ಬೇರೆಯದೆಲ್ಲ ಆಮೇಲೆ.

ವಿಕಿ_ಬರಹ | ಭಾನುವಾರ, ರಾತ್ರಿ 11:10

ನೀವು ನೋಡಿದ ತಾಣ ಯಾವುದಾದರೂ ಇರಲಿ, ಇಂಥ ಕಡೆ ನಿಯಮ ಹೆಚ್ಚುಕಡಿಮೆ ಒಂದೇ. ನಾನು ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತೇನೆ. ಅದು ಶುರುವಾದದ್ದು 2003ರಲ್ಲಿ. ಬರೆಯುವವರು ಕಡಿಮೆ, ಲೇಖನ ಜಾಸ್ತಿ. ಹಾಗಾಗಿ ಒಂದು ಲೇಖನಕ್ಕೆ ಒಬ್ಬರು ಇವತ್ತು ಕೈ ಹಾಕಿದರೆ ಮುಂದಿನವರು ಬರಲು ವರ್ಷಗಳೇ ಹಿಡಿಯಬಹುದು. ಮೇಷ್ಟ್ರು ಹೇಳಿದ ಹೊಸ ತೋಳಿನ ಕಥೆ ನನಗೆ ದಿನಾ ಕಾಣುತ್ತದೆ.

ಮೊದಲು "ಇತಿಹಾಸ" ಅನ್ನೋ ಕೊಂಡಿ ಒತ್ತಿ. ಯಾರು ಯಾವತ್ತು ಯಾವ ಪದ ಬದಲಾಯಿಸಿದರು ಅಂತ ಪೂರ್ತಿ ಕಾಣುತ್ತದೆ. 29 ಯಾವತ್ತು 27 ಆಯಿತು ಅಂತ ನೀವೇ ಹುಡುಕಬಹುದು. ಅದನ್ನೂ ಅಸೈನ್‌ಮೆಂಟಿನಲ್ಲಿ ಬರೆಯಿರಿ, ನಿಮ್ಮ ಮೇಡಂಗೆ ಇಷ್ಟವಾಗುತ್ತದೆ.

ಇನ್ನು ರಿಂಗ್, ಚೈನ್. ನೀವು ಬರೆದದ್ದು ಓದುತ್ತಾ ನನಗೇ ಓಡಬೇಕು ಅನ್ನಿಸಿತು. ಆದರೆ ಅದನ್ನು ಹಾಗೇ ಲೇಖನಕ್ಕೆ ಹಾಕಿದರೆ ಯಾರಾದರೂ ತೆಗೆದುಹಾಕಬಹುದು. ವಿಶ್ವಕೋಶಕ್ಕೆ "ನನಗೆ ಗೊತ್ತು" ಸಾಲದು. "ಇಂಥ ಪುಸ್ತಕದಲ್ಲಿ ಇದೆ" ಅಂತ ತೋರಿಸಬೇಕು. ನಿಮ್ಮ ಮೇಲೆ ಅನುಮಾನ ಅಂತಲ್ಲ. ನಾಳೆ ಇನ್ನೊಬ್ಬರು ಬಂದು "ನಾನೂ ಆಟಗಾರ, ನಾವು ಹೀಗೆ ಆಡಲ್ಲ" ಅಂದರೆ ತೀರ್ಮಾನ ಮಾಡುವವರು ಯಾರು? ಓದುವವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಅವರು ಹೋಗಿ ನೋಡಬಹುದಾದ ಒಂದು ಅಚ್ಚಾದ ಪುಟ ಬೇಕು.

ಧೈರ್ಯ ಇಲ್ಲದಿದ್ದರೆ ಚರ್ಚೆಯ ಪುಟದಲ್ಲಿ ಮೊದಲು ಬರೆಯಿರಿ. ನಮ್ಮಲ್ಲಾದರೆ ಅರಳಿ ಕಟ್ಟೆ ಅಂತ ಒಂದು ಪುಟವೇ ಇದೆ, ಎಲ್ಲರೂ ಕೂತು ಮಾತಾಡುವ ಜಾಗ. ಪ್ರಯೋಗಪುಟದಲ್ಲಿ ಬರೆದು ನೋಡಬಹುದು. ತಪ್ಪಾದರೂ ಅಳಿಸಲು ಬರುತ್ತದೆ.

ದಾವಣಗೆರೆ_ಚೇಸರ್ | ಸೋಮವಾರ, ಬೆಳಿಗ್ಗೆ 7:05

ನಾನು ಇದನ್ನು ಒಪ್ಪುವುದಿಲ್ಲ ಸರ್. ಯೂನಿವರ್ಸಿಟಿ ಮಟ್ಟದಲ್ಲಿ ನಾಲ್ಕು ವರ್ಷ ಆಡಿದ್ದೇನೆ. ರಿಂಗ್ ಗೊತ್ತಿಲ್ಲದ ಖೋಖೋ ಆಟಗಾರ ಇದ್ದಾನಾ? ಸಕ್ಕರೆ ಸಿಹಿ ಅನ್ನೋದಕ್ಕೂ ಪುಸ್ತಕದ ಪುಟ ಕೇಳುತ್ತೀರಾ? ನಮ್ಮ ಆಟ ಕಲಿತದ್ದು ಪುಸ್ತಕದಿಂದ ಅಲ್ಲ. ಅಣ್ಣಂದಿರು ಸಂಜೆ ಆಡುವಾಗ ಗೆರೆಯ ಆಚೆ ನಿಂತು ನೋಡಿ ಕಲಿತದ್ದು. ಕೋಚ್ ಕೋಲು ಹಿಡಿದು ಮಣ್ಣಿನಲ್ಲಿ ಬರೆದು ತೋರಿಸಿದ್ದು. ಯಾರೂ ಅಚ್ಚು ಹಾಕಿಸಿಲ್ಲ ಅಂತ ಅದು ಸುಳ್ಳಾಗುತ್ತದಾ?

ಕ್ರಿಕೆಟ್ಟಿಗಾದರೆ ಒಂದೊಂದು ಹೊಡೆತಕ್ಕೂ ಹತ್ತು ಪುಸ್ತಕ ಇವೆ. ನಮಗೆ ಇಲ್ಲ. ಹಾಗಂತ ನಮ್ಮ ಆಟ ವಿಶ್ವಕೋಶದಲ್ಲಿ ಬರೀ ಗೆರೆ ಮತ್ತು ಕಂಬ ಆಗಿ ಉಳಿಯಬೇಕಾ? ಇಂಥ ನಿಯಮದಿಂದ ಪುಸ್ತಕ ಇರುವ ಆಟಗಳಿಗೇ ಲಾಭ.

ತಂಗಿ, ನೀನು ಬರೆದದ್ದರಲ್ಲಿ ಚೇಸರ್ ಕಡೆಯದು ಸ್ವಲ್ಪ ಸೇರಿಸು. ನಾವು ಸುಮ್ನೆ ಹಿಂದೆ ಓಡುವವರಲ್ಲ. ಖೋ ಕೊಡುವ ಹಾಗೆ ಕೈ ಚಾಚಿ ಕೊಡದೆ ಮುಂದೆ ಹೋಗುತ್ತೇವೆ. ರನ್ನರ್ ಅದನ್ನು ನಂಬಿ ಒಂದು ಹೆಜ್ಜೆ ಆ ಕಡೆ ಇಟ್ಟರೆ ಸಿಕ್ಕಿದ ಹಾಗೇ.

ಮೂರನೇ_ಬ್ಯಾಚು | ಸೋಮವಾರ, ಮಧ್ಯಾಹ್ನ 1:30

ಮೇಷ್ಟ್ರೇ, ಇತಿಹಾಸದ ಪುಟ ನೋಡಿದೆ. ನೀವು ಹೇಳಿದ ಹಾಗೇ ಆಗಿದೆ. ಮೊದಲು ಎಲ್ಲಾ ಅಳತೆ 29ರದ್ದೇ ಇತ್ತು. ಒಬ್ಬರು ಬಂದು ಒಂದೇ ಒಂದು ಅಂಕಿ ಬದಲಾಯಿಸಿ ಹೋಗಿದ್ದಾರೆ. ತಪ್ಪು ಉದ್ದೇಶ ಇರಲಿಲ್ಲ ಅವರದ್ದು. ಸರಿ ಮಾಡಲು ಬಂದು ಅರ್ಧಕ್ಕೇ ನಿಲ್ಲಿಸಿದ್ದಾರೆ.

ದಾವಣಗೆರೆ ಅಣ್ಣಾ, ನೀವು ಹೇಳಿದ್ದು ನನ್ನ ಮನಸ್ಸಿನಲ್ಲೂ ಇದೆ. ನನ್ನ ಮೊಣಕಾಲಿನ ಗಾಯಕ್ಕಿಂತ ದೊಡ್ಡ ಸಾಕ್ಷಿ ಯಾವ ಪುಸ್ತಕದಲ್ಲಿದೆ ಅಂತ ನನಗೂ ಅನ್ನಿಸಿತು. ಆದರೆ ವಿಕಿ ಸರ್ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯುತ್ತಿಲ್ಲ. ನಮ್ಮ ಊರಿನಲ್ಲಿ ಚೈನ್ ಅನ್ನುವುದನ್ನು ಪಕ್ಕದ ತಾಲ್ಲೂಕಿನ ಹುಡುಗಿಯರು ಹಾವಿನ ಓಟ ಅನ್ನುತ್ತಾರೆ. ನಾನು ನಮ್ಮ ಹೆಸರು ಹಾಕಿದರೆ ಅವರದ್ದು ಏನಾಯಿತು?

ನಿಯಮದಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೂ ಏನಾದರೂ ಇದ್ದರೆ ದಯವಿಟ್ಟು ಯಾರಾದರೂ ಹೇಳಿ.

ಹಳೆಯ_ಕಡತ | ಸೋಮವಾರ, ಸಂಜೆ 6:15

ಆಟ ಆಡಿದವನಲ್ಲ ನಾನು, ಇತಿಹಾಸ ಓದುವವನು. ಲೇಖನದ ಮೊದಲ ಪ್ಯಾರಾ ಮಹಾಭಾರತದಿಂದ ಶುರುವಾಗುತ್ತದಾ? ಖೋಖೋ ಬಗ್ಗೆ ಬರೆದ ಕಡೆಯೆಲ್ಲ ಇದು ಕಾಣುತ್ತದೆ. ಅಭಿಮನ್ಯು ಚಕ್ರವ್ಯೂಹದೊಳಗೆ ಒಬ್ಬನೇ ನುಗ್ಗಿ ಸುತ್ತ ನಿಂತವರಿಂದ ತಪ್ಪಿಸಿಕೊಂಡು ಹೋರಾಡಿದ, ಖೋಖೋ ರನ್ನರ್ ಕೂಡ ಹಾಗೇ, ಆದ್ದರಿಂದ ಆಟ ಅಲ್ಲಿಂದ ಬಂತು ಅಂತ. ಹೋಲಿಕೆ ಚೆನ್ನಾಗಿದೆ. ಯಾವ ಮಗುವಿಗೂ ಹೇಳಬಹುದು. ಆದರೆ ಹೋಲಿಕೆ ಬೇರೆ, ಹುಟ್ಟಿದ ಕಥೆ ಬೇರೆ. "ಹೀಗೆ ಹೋಲಿಸುತ್ತಾರೆ" ಅಂತ ಬರೆದರೆ ಸರಿ. "ಅಲ್ಲಿ ಹುಟ್ಟಿತು" ಅಂತ ಬರೆದರೆ ಅದಕ್ಕೆ ಆಧಾರ ಕೊಡಬೇಕು.

ಬರಹದಲ್ಲಿ ಗಟ್ಟಿಯಾಗಿ ಸಿಗುವುದು 20ನೇ ಶತಮಾನದ್ದು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ನಿಯಮಗಳನ್ನು ಕಟ್ಟಿತು. 1935ರಲ್ಲಿ ಅಖಿಲ ಮಹಾರಾಷ್ಟ್ರ ಶಾರೀರಿಕ ಶಿಕ್ಷಣ ಮಂಡಳ ನಿಯಮದ ಪುಸ್ತಕ ಪ್ರಕಟಿಸಿತು. ಗಂಡಸರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1959-60ರಲ್ಲಿ ವಿಜಯವಾಡದಲ್ಲಿ, ಹೆಂಗಸರದ್ದು ಮರುವರ್ಷ ಕೊಲ್ಹಾಪುರದಲ್ಲಿ. ಇಷ್ಟು ಬರೆದರೆ ಸಾಕು, ಇತಿಹಾಸಕ್ಕೆ ಕಾಲು ನೆಲದ ಮೇಲೆ ಇರುತ್ತದೆ.

ಇನ್ನೊಂದು ಎಚ್ಚರಿಕೆ. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯ ತಂಡ ಅಲ್ಲಿಗೆ ಹೋಗಿ ನಮ್ಮ ದೇಶದ ಆಟಗಳನ್ನು ತೋರಿಸಿತ್ತು. ಕಬಡ್ಡಿಯ ಪುಟದವರು ಅದು ಕಬಡ್ಡಿ ಅನ್ನುತ್ತಾರೆ, ಖೋಖೋ ಪುಟದವರು ಖೋಖೋ ಅನ್ನುತ್ತಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿಕೊಂಡಿದ್ದಾರೆ. ನಿಮ್ಮ ಲೇಖನದಲ್ಲಿ ಆ ಸಾಲು ಇದ್ದರೆ, ಕೆಳಗೆ ಉಲ್ಲೇಖದ ಅಂಕಿ ಇದೆಯಾ, ಅದನ್ನು ಒತ್ತಿದರೆ ನಿಜವಾಗಿ ಖೋಖೋ ಅನ್ನೋ ಪದ ಇರುವ ಪುಟಕ್ಕೆ ಹೋಗುತ್ತದಾ ನೋಡಿ. ಉಲ್ಲೇಖ ಇದೆ ಅಂದ ಮಾತ್ರಕ್ಕೆ ಒಪ್ಪಬೇಡಿ. ಒತ್ತಿ ಓದಿ.

ಅಂಪೈರ್_ಸೀಟಿ | ಸೋಮವಾರ, ರಾತ್ರಿ 8:50

ರನ್ನರ್ ತಂಗಿಗೆ ಎರಡು ಮಾತು. ನಾನು ಜಿಲ್ಲಾ ಮಟ್ಟದಲ್ಲಿ ಅಂಪೈರ್.

7 ನಿಮಿಷ ತಪ್ಪು ಅಂತ ಗುರುತು ಹಾಕಿದ್ದೀಯಲ್ಲ, ಅದನ್ನು ಅಳಿಸು. ನೀನು ಆಡುವ ಆಟದಲ್ಲಿ 9 ನಿಮಿಷ, ಸರಿ. ನಾಲ್ಕು ಸರದಿ, ಎರಡು ಸರದಿ ಸೇರಿ ಒಂದು ಇನ್ನಿಂಗ್ಸ್. ಸರದಿಗಳ ಮಧ್ಯೆ 5 ನಿಮಿಷ, ಇನ್ನಿಂಗ್ಸ್ ನಡುವೆ 9 ನಿಮಿಷ ಬಿಡುವು. ಆದರೆ 2022ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋಖೋ ಲೀಗ್‌ನಲ್ಲಿ ಒಂದು ಸರದಿಗೆ 7 ನಿಮಿಷ. ಆಟಗಾರರೂ 7 ಜನ. ಅಂಕಣ ಇನ್ನೂ ಚಿಕ್ಕದು, ಮ್ಯಾಟ್ ಮೇಲೆ. ವಜೀರ್ ಅಂತ ಒಬ್ಬ ಇರುತ್ತಾನೆ, ಅವನು ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದು. ನಮ್ಮಲ್ಲಿ ಒಬ್ಬರನ್ನು ಮುಟ್ಟಿದರೆ 1 ಅಂಕ. ಅಲ್ಲಿ ಮುಟ್ಟಿದರೆ 2, ಡೈವ್ ಹೊಡೆದು ಮುಟ್ಟಿದರೆ ಇನ್ನೂ ಜಾಸ್ತಿ. ಒಂದು ಬ್ಯಾಚ್ ತುಂಬ ಹೊತ್ತು ಉಳಿದರೆ ಡ್ರೀಮ್ ರನ್ ಅಂತ ರನ್ನರ್‌ಗಳಿಗೂ ಅಂಕ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪೂ ಹಳೇ ಲೆಕ್ಕದಲ್ಲಿ ನಡೆಯಲಿಲ್ಲ. ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳದ ಮೇಲೆ 78-40, ಹುಡುಗರು ಅದೇ ನೇಪಾಳದ ಮೇಲೆ 54-36. ಹಳೇ ಲೆಕ್ಕದಲ್ಲಿ 78 ಬರುವುದುಂಟಾ?

ಅಂದರೆ ಸಮಯದ ವಿಷಯದಲ್ಲಿ ಲೇಖನದ ತಪ್ಪು ಇರುವುದು ಅಂಕಿಯಲ್ಲಲ್ಲ, ಎರಡು ಆಟಗಳನ್ನು ಬೇರೆ ಮಾಡದೆ ಒಂದೇ ಪ್ಯಾರಾದಲ್ಲಿ ಕಲಸಿರುವುದರಲ್ಲಿ. ನಿನಗೆ ಗೊತ್ತಿರುವ ಆಟ ಒಂದೇ ಆದ್ದರಿಂದ ಇನ್ನೊಂದು ತಪ್ಪಾಗಿ ಕಂಡಿತು. ಇದನ್ನು ಬೇಜಾರು ಮಾಡಿಕೊಳ್ಳದೆ ತಗೋ.

ಇನ್ನೊಂದು. ವಿಶ್ವಕಪ್ ಅಂದ ಮೇಲೆ ಆ ತಂಡಗಳಲ್ಲಿದ್ದ ಕರ್ನಾಟಕದ ಇಬ್ಬರ ಹೆಸರೂ ಕನ್ನಡ ಲೇಖನದಲ್ಲಿ ಇರಲಿ. ಎಂ.ಕೆ. ಗೌತಮ್, ಮತ್ತೆ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ಫೈನಲ್‌ನ ಕೊನೆಯ ಸರದಿಯಲ್ಲಿ ಚೈತ್ರಾ ಡ್ರೀಮ್ ರನ್ ಆಡಿದ್ದು ನಿನ್ನಂಥ ರನ್ನರ್‌ಗಳು ನೋಡಲೇಬೇಕಾದ ಓಟ. ಇದಕ್ಕೆ ಪತ್ರಿಕೆಗಳ ಉಲ್ಲೇಖ ಧಾರಾಳವಾಗಿ ಸಿಗುತ್ತದೆ.

ಮೂರನೇ_ಬ್ಯಾಚು | ಸೋಮವಾರ, ರಾತ್ರಿ 9:30

ಬೇಜಾರಿಲ್ಲ ಸರ್. ನಾಚಿಕೆ ಆಯಿತು, ಆದರೆ ಒಳ್ಳೆಯದೇ ಆಯಿತು. ನಾಳೆ ಮೇಡಂಗೆ ಕೊಟ್ಟಿದ್ದರೆ ನಾನೇ ಒಂದು ತಪ್ಪು ಸೇರಿಸಿದ ಹಾಗಾಗುತ್ತಿತ್ತು. ಲೀಗ್ ಟಿ.ವಿ.ಯಲ್ಲಿ ನೋಡಿದ್ದೇನೆ, ನಿಮಿಷ ಯಾವತ್ತೂ ಲೆಕ್ಕ ಹಾಕಿರಲಿಲ್ಲ. "ನನಗೆ ಗೊತ್ತು" ಸಾಲದು ಅಂತ ವಿಕಿ ಸರ್ ಹೇಳಿದ್ದು ಈಗ ಅರ್ಥ ಆಗುತ್ತಿದೆ.

ಲಂಡನ್_ಕನ್ನಡತಿ | ಮಂಗಳವಾರ, ಬೆಳಗಿನ ಜಾವ 3:20

ಇಲ್ಲಿಂದ ಒಂದು ಮಾತು. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತಂಡವೂ ಆಡಿತ್ತು. ಅದನ್ನು ನೋಡಿ ನನ್ನ ಮಗಳು, 11 ವರ್ಷ, "ಅಮ್ಮಾ ನೀನು ಊರಲ್ಲಿ ಆಡುತ್ತಿದ್ದೆ ಅಂದೆಯಲ್ಲ, ಹೇಗೆ ಆಡೋದು?" ಅಂದಳು. ನಾನು ಕನ್ನಡ ಲೇಖನ ತೆಗೆದು ಓದಿ ಹೇಳಿದೆ. ಅಳತೆ ಮುಗಿಯುವಷ್ಟರಲ್ಲಿ ಅವಳು ಎದ್ದು ಹೋದಳು. ಆಮೇಲೆ ಹಿತ್ತಿಲಿನಲ್ಲಿ ಎರಡು ಕುರ್ಚಿ ಇಟ್ಟು, ಸುತ್ತ ಓಡಿ ತೋರಿಸಿದೆ. 18 ವರ್ಷದ ನಂತರ ಓಡಿದ್ದು. ನಕ್ಕು ನಕ್ಕು ಸಾಕಾಯಿತು ಅವಳಿಗೆ, ಆದರೆ ರಿಂಗ್ ಅಂದರೆ ಏನು ಅಂತ ಎರಡೇ ನಿಮಿಷಕ್ಕೆ ತಿಳಿದುಕೊಂಡಳು.

ನೀವು ಬರೆದ ಆ ಪ್ಯಾರಾ, ಕೂತ ಇಬ್ಬರ ನಡುವೆ ನುಗ್ಗುವುದು, ಅದು ಲೇಖನದಲ್ಲಿ ಇದ್ದಿದ್ದರೆ ಅವಳು ಎದ್ದು ಹೋಗುತ್ತಿರಲಿಲ್ಲ. ಹೇಗಾದರೂ ಮಾಡಿ ಸೇರಿಸಿ.

ದಾವಣಗೆರೆ_ಚೇಸರ್ | ಮಂಗಳವಾರ, ಬೆಳಿಗ್ಗೆ 8:00

ನೋಡಿ, ಇದನ್ನೇ ನಾನು ಹೇಳಿದ್ದು. ಮಕ್ಕಳಿಗೆ ಬೇಕಾದದ್ದು ಇದು.

ಪಿಟಿ_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 9:15

ಚೇಸರ್ ತಮ್ಮಾ, ಒಂದು ಮಾತು ತಪ್ಪು ಹೇಳಿದೆ ನೀನು. ಯಾರೂ ಅಚ್ಚು ಹಾಕಿಸಿಲ್ಲ ಅಂದೆಯಲ್ಲ, ಹಾಕಿಸಿದ್ದಾರೆ. ದೈಹಿಕ ಶಿಕ್ಷಕರ ಕೋರ್ಸು ಬಿ.ಪಿ.ಎಡ್. ಓದಿದವರಿಗೆ ಗೊತ್ತು. ಖೋಖೋ ಕೌಶಲ ಅಂತ ಒಂದು ಅಧ್ಯಾಯವೇ ಇರುತ್ತದೆ. ರಿಂಗ್, ಚೈನ್, ಡಾಡ್ಜಿಂಗ್ ಎಲ್ಲಾ ಪರೀಕ್ಷೆಗೆ ಓದಿ ಬರೆದವನು ನಾನು. ಕೂರುವುದಕ್ಕೂ ಹೆಸರಿದೆ. ಎರಡೂ ಪಾದದ ಬೆರಳು ಒಂದೇ ಗೆರೆಯಲ್ಲಿಟ್ಟರೆ ಪ್ಯಾರಲಲ್ ಟೋ, ಒಂದು ಮುಂದೆ ಒಂದು ಹಿಂದೆ ಇಟ್ಟರೆ ಬುಲೆಟ್ ಟೋ. ಮಗಳು ಹೆಬ್ಬೆರಳು ಮಣ್ಣಿಗೆ ಒತ್ತಿ ಕೂರುತ್ತೇನೆ ಅಂದಳಲ್ಲ, ಅದು ಎಷ್ಟೋ ವರ್ಷದ ಹಿಂದೆ ಪಾಠ ಆಗಿದೆ.

ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದ ಬೀರು ತೆಗೆಸು ಮಗಳೇ. ಟ್ರೋಫಿಗಳ ಹಿಂದೆ ಇರುತ್ತವೆ ಪುಸ್ತಕ.

ಮೂರನೇ_ಬ್ಯಾಚು | ಬುಧವಾರ, ರಾತ್ರಿ 10:05

ಮೇಷ್ಟ್ರೇ, ಸಿಕ್ಕಿತು! ಟ್ರೋಫಿಗಳ ಹಿಂದೆಯೇ ಇತ್ತು!

ನಮ್ಮ ಪಿಟಿ ಸರ್ ಬೀಗದ ಕೈ ಹುಡುಕಲು ಅರ್ಧ ಗಂಟೆ ಆಯಿತು. ವಾಲಿಬಾಲ್ ಬಲೆ, ಹರಿದ ಶೂ, ಬಣ್ಣ ಹೋದ ಶೀಲ್ಡು ಎಲ್ಲ ತೆಗೆದು ಕೆಳಗಿಟ್ಟೆವು. ಹಿಂದೆ ನಾಲ್ಕು ಪುಸ್ತಕ ಇದ್ದವು. ಎರಡು ಕನ್ನಡದಲ್ಲಿ. ಒಂದಕ್ಕೆ ರಟ್ಟೇ ಇಲ್ಲ, ಪ್ರಕಾಶಕರ ಪುಟ ಹರಿದುಹೋಗಿದೆ. ಅದನ್ನು ಉಲ್ಲೇಖಕ್ಕೆ ಬಳಸಲು ಆಗುವುದಿಲ್ಲ ಅನ್ನಿಸುತ್ತದೆ. ಇನ್ನೊಂದು ಪೂರ್ತಿ ಇದೆ. ಅದರಲ್ಲಿ ರಿಂಗ್ ಆಟಕ್ಕೆ ಚಿತ್ರ ಹಾಕಿದ್ದಾರೆ. ಎಂಟು ಚೌಕ, ಅವುಗಳ ಸುತ್ತ ಚುಕ್ಕಿ ಚುಕ್ಕಿಯ ದಾರಿ, ತುದಿಯಲ್ಲಿ ಬಾಣ. ನಾನು ಆ ಚುಕ್ಕಿಗಳ ಮೇಲೆ ಬೆರಳಿಟ್ಟುಕೊಂಡು ಹೋದೆ. ಕಾಲು ತಾನಾಗಿ ಅಲುಗಾಡಿತು. ನಾನು ಹುಟ್ಟುವ ಮೊದಲೇ ಯಾರೋ ಕೂತು ನನ್ನ ಓಟ ಬರೆದಿಟ್ಟಿದ್ದಾರೆ.

ಚೈನ್ ಕೂಡ ಇದೆ. ಒಬ್ಬೊಬ್ಬರನ್ನು ಬಿಟ್ಟು ಹೆಣೆಯುವುದು ಸಿಂಗಲ್ ಚೈನ್, ಇಬ್ಬಿಬ್ಬರನ್ನು ಬಿಟ್ಟು ಹೆಣೆಯುವುದು ಡಬಲ್ ಚೈನ್. ಹಾವಿನ ಓಟ ಅನ್ನೋ ಹೆಸರು ಪುಸ್ತಕದಲ್ಲಿ ಇಲ್ಲ. ಅದನ್ನು ಬಿಡಬೇಕಾಯಿತು. ಅದಕ್ಕೆ ಮಾತ್ರ ಸಂಕಟ ಆಗುತ್ತಿದೆ.

ಪ್ರಯೋಗಪುಟದಲ್ಲಿ ಇಷ್ಟು ಬರೆದಿದ್ದೇನೆ, ನೋಡಿ:

"ಓಡುವ ತಂಡದ ಆಟಗಾರರು ನಡುವಿನ ಪಟ್ಟಿಯನ್ನು ಎಲ್ಲಿ ಬೇಕಾದರೂ ದಾಟಬಹುದು. ಅಟ್ಟಿಸಿಕೊಂಡು ಬರುವ ಆಟಗಾರರು ದಾಟುವಂತಿಲ್ಲ. ದಿಕ್ಕು ಹಿಡಿದ ಮೇಲೆ ಹಿಂದೆ ತಿರುಗುವಂತಿಲ್ಲ. ಓಡುವವರ ತಂತ್ರಗಳು ಈ ವ್ಯತ್ಯಾಸದ ಮೇಲೆ ನಿಂತಿವೆ. ಕೂತವರ ಸುತ್ತ ಸುತ್ತುತ್ತಾ ಓಡುವುದನ್ನು ರಿಂಗ್ ಆಟ ಎನ್ನುತ್ತಾರೆ. ಕೂತವರ ನಡುವೆ ಒಳಗೆ ಹೊರಗೆ ಹೆಣೆಯುತ್ತಾ ಓಡುವುದನ್ನು ಚೈನ್ ಆಟ ಎನ್ನುತ್ತಾರೆ."

ನಾನು ಮೊದಲು ಇಲ್ಲಿ ಬರೆದಷ್ಟು ಚೆನ್ನಾಗಿಲ್ಲ ಅಂತ ಗೊತ್ತು. ಅರೆಗಳಿಗೆ ನನ್ನ ಆಸ್ತಿ ಅನ್ನೋದೆಲ್ಲ ತೆಗೆದೆ. ಅದು ನನ್ನ ಮಾತು, ವಿಶ್ವಕೋಶದ್ದಲ್ಲ.

ವಿಕಿ_ಬರಹ | ಬುಧವಾರ, ರಾತ್ರಿ 10:40

ಬಹಳ ಚೆನ್ನಾಗಿದೆ. ಪುಸ್ತಕದ ಸಾಲುಗಳನ್ನು ನಕಲು ಮಾಡದೆ ನಿಮ್ಮ ಮಾತಿನಲ್ಲಿ ಬರೆದಿದ್ದೀರಿ, ಅದು ಮುಖ್ಯ. ಪ್ರತಿ ವಾಕ್ಯಕ್ಕೂ ಪುಟದ ಸಂಖ್ಯೆ ಹಾಕಿ. ಪುಸ್ತಕದ ಚಿತ್ರವನ್ನು ಮಾತ್ರ ಫೋಟೋ ತೆಗೆದು ಹಾಕಬೇಡಿ, ಅದರ ಹಕ್ಕು ಬೇರೆಯವರದ್ದು. ನೀವೇ ಒಂದು ಕಾಗದದ ಮೇಲೆ ಅಂಕಣ ಬರೆದು, ಚುಕ್ಕಿ ಹಾಕಿ, ನಿಮ್ಮ ಚಿತ್ರವಾಗಿ ಕೊಡಿ.

ದಾವಣಗೆರೆ ಅಣ್ಣನವರಿಗೆ: ಪುಸ್ತಕ ಇರುವ ಆಟಗಳಿಗೇ ಲಾಭ ಅಂದಿರಲ್ಲ, ಅದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾವಿನ ಓಟ ಅನ್ನೋ ಪದ ಇವತ್ತು ಹೊರಗೆ ಉಳಿದದ್ದು ಅದರಿಂದಲೇ. ನಿಮ್ಮ ಕೋಚ್ ಮಣ್ಣಿನಲ್ಲಿ ಬರೆದು ತೋರಿಸಿದ್ದನ್ನು ನೀವು ಒಂದು ಪತ್ರಿಕೆಗೆ ಬರೆದು ಕಳಿಸಿ. ಅಚ್ಚಾದ ದಿನ ನನಗೆ ಹೇಳಿ, ಲೇಖನಕ್ಕೆ ನಾನೇ ಉಲ್ಲೇಖ ಹಾಕುತ್ತೇನೆ.

ದಾವಣಗೆರೆ_ಚೇಸರ್ | ಗುರುವಾರ, ಬೆಳಿಗ್ಗೆ 7:30

ಬರೆಯುವುದು ನನಗೆ ಅಭ್ಯಾಸ ಇಲ್ಲ ಸರ್. ಆದರೆ ಕೋಚ್ ಈಗಲೂ ಇದ್ದಾರೆ, ದಿನಾ ಗ್ರೌಂಡಿಗೆ ಬರುತ್ತಾರೆ. ಭಾನುವಾರ ಹೋಗಿ ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಸುಳ್ಳು ಖೋ ಕೊಡುವುದನ್ನು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಬರೆಯಲು ಯಾರಾದರೂ ಸಹಾಯ ಮಾಡಿ.

ಹಳೆಯ_ಕಡತ | ಗುರುವಾರ, ಬೆಳಿಗ್ಗೆ 9:00

ನಾನು ಮಾಡುತ್ತೇನೆ. ರೆಕಾರ್ಡಿಂಗ್ ಕಳಿಸಿ.

ಮೂರನೇ_ಬ್ಯಾಚು | ಶನಿವಾರ, ಸಂಜೆ 7:45

ಅಳತೆಗಳನ್ನು ತಿದ್ದಿದೆ. ಎಲ್ಲವನ್ನೂ 27ರ ಲೆಕ್ಕಕ್ಕೆ ತಂದು, ಹಳೇ ಅಂಕಣ 29 ಇತ್ತು ಅಂತ ಬೇರೆ ಸಾಲು ಹಾಕಿ, ಎರಡಕ್ಕೂ ಆಯಾ ನಿಯಮ ಪುಸ್ತಕದ ಉಲ್ಲೇಖ ಕೊಟ್ಟೆ. ಎರಡು ದಿನ ಆಯಿತು, ಯಾರೂ ತೆಗೆದಿಲ್ಲ. ಸಮಯದ ಪ್ಯಾರಾವನ್ನು ಎರಡು ಭಾಗ ಮಾಡಿದೆ, ಅಂಪೈರ್ ಸರ್ ಹೇಳಿದ ಹಾಗೆ. ಮಹಾಭಾರತದ ಸಾಲಿಗೆ "ಹೋಲಿಸುತ್ತಾರೆ" ಅಂತ ಹಾಕಲು ಚರ್ಚೆಯ ಪುಟದಲ್ಲಿ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ತಂತ್ರದ ಪ್ಯಾರಾ ಹಾಕುವ ಮೊದಲು ಇವತ್ತು ಬೆಳಿಗ್ಗೆ ಪ್ರಾಕ್ಟೀಸಿಗೆ ಬರುವ ಹೈಸ್ಕೂಲ್ ಹುಡುಗಿಯರಿಗೆ ಓದಿ ಹೇಳಿದೆ. ಒಂಬತ್ತನೇ ಕ್ಲಾಸಿನ ಒಬ್ಬಳು, ತುಂಬ ಚುರುಕು, ನೀರು ಕುಡಿಯುತ್ತಾ ಕೇಳುತ್ತಿದ್ದವಳು ಬಾಟಲಿ ಕೆಳಗಿಟ್ಟಳು. "ಅಕ್ಕಾ, ಕಂಬ ಎಲ್ಲಿ ಇದರಲ್ಲಿ? ಕಂಬದ ಹತ್ತಿರ ಬಂದರೆ ಚೇಸರ್ ಸುತ್ತಿ ಹಿಂದೆ ತಿರುಗಬಹುದಲ್ವಾ? ನಾವು ಔಟ್ ಆಗೋದೇ ಅಲ್ಲಿ" ಅಂದಳು.

ಇಷ್ಟು ಜನ ಓದಿದೆವು. ನಾನು, ನೀವೆಲ್ಲ. ಯಾರಿಗೂ ಹೊಳೆದಿರಲಿಲ್ಲ. ಕಂಬದ ಸಾಲು ಪುಸ್ತಕದಲ್ಲಿ ಎಲ್ಲಿದೆ ಅಂತ ಸಂಜೆ ಹುಡುಕಿದೆ, ಪೋಲ್ ಡೈವ್ ಚಿತ್ರದ ಕೆಳಗೇ ಇತ್ತು. ಪುಟದ ಸಂಖ್ಯೆ ಬರೆದುಕೊಂಡು, ಆ ವಾಕ್ಯ ಸೇರಿಸಿ, ಈಗ ತಾನೇ ಪ್ರಕಟಿಸು ಒತ್ತಿದೆ.